ವಾರಾನ್ನದಿಂದ ಆರ್.ಡಿ. ಸಂಖ್ಯೆಯವರೆಗೆ

ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿ ಕಾಲೇಜು ತೆರೆಯುವ ಋತುವೇ ಕೈ ಬರಿದಾಗಿರುವ ಋತು. ಕಾಫಿಯ ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮಾರಿ ನಾಲ್ಕು ಕಾಸು ಕಾಣುವುದು ಮಾಗಿ ಕಳೆಯುವ ಹೊತ್ತಿಗೆ. ಶುಲ್ಕ ಕಟ್ಟಬೇಕಾಗುವುದಾದರೋ ಹೇಮಾವತಿ ಕೆಂಪಾಗಿ ಹರಿಯುವ ಆಷಾಢದ ಆಸುಪಾಸಿನಲ್ಲಿ. ತೋಟದ ಲೈನ್ ಮನೆಯ ಕೂಲಿಕಾರನು ಲೆಕ್ಕ ಬರೆಯುವ ರೈಟರ ಮುಂದೆ ನಿಂತು ಮುಂಗಡ ಬೇಡುವುದೂ, ಸಣ್ಣ ಬೆಳೆಗಾರನು ಬರಲಿರುವ ಫಸಲನ್ನು ನೆಚ್ಚಿ ವ್ಯಾಪಾರಿಯಲ್ಲಿ ಸಾಲವೆತ್ತುವುದೂ ಈ ಕಾರಣದಿಂದಲೇ. ಸರ್ಕಾರಕ್ಕೆ ಅರ್ಜಿ ಬರೆಯುವುದೆಂಬ ಮೂರನೆಯ ದಾರಿಗೆ ಸುಮಾರು ನೂರು ವರ್ಷದ ಇತಿಹಾಸವಿದೆ.

ಅದಕ್ಕೆ ಮುಂಚೆ, ಮಂಜರಾಬಾದೆಂಬ ಹೆಸರಿದ್ದ ಈ ತಾಲ್ಲೂಕಿನಿಂದ ಹಾಸನಕ್ಕೋ ಮೈಸೂರಿಗೋ ಓದಲು ಇಳಿದ ಬಡ ಹುಡುಗನಿಗೆ ಆಧಾರವಾಗಬಲ್ಲದ್ದು ವಾರಾನ್ನ, ಮಠದ ಪ್ರಸಾದ, ಇಲ್ಲವೇ ಸ್ವಜಾತಿಯ ಸಂಘ ನಡೆಸುವ ಹಾಸ್ಟೆಲು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆಯೆಂದು ಉಣ್ಣುತ್ತಿದ್ದವನ ಬಡತನಕ್ಕೆ ಉಣಬಡಿಸುವ ಗೃಹಿಣಿಯೇ ಸಾಕ್ಷಿ. ಪ್ರಮಾಣಪತ್ರವನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಪಂಕ್ತಿಯಲ್ಲಿ ಎಲ್ಲ ಜಾತಿಯವರಿಗೂ ಎಲೆ ಹಾಕುತ್ತಿರಲಿಲ್ಲವೆಂಬುದನ್ನು ಮರೆತು ವಾರಾನ್ನವನ್ನು ಹೊಗಳುವವರ ಜೊತೆ ನಾನಿಲ್ಲ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯ ಮುಂದಿದ್ದ ಪ್ರಶ್ನೆ ಸರ್ಕಾರಿ ನೌಕರಿಯದು. ಆದರೆ ನೌಕರಿಗೆ ಮೊದಲು ಓದು, ಓದಿಗೆ ಮೊದಲು ಅನ್ನ ಬೇಕಾಗುವುದರಿಂದ, ಮರುವರ್ಷದ ವರದಿಯಲ್ಲಿ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿವೇತನದ ಮಾತೂ ಸೇರಿತು. 1944ರಲ್ಲಿ ಅಂದಿನ ಭಾರತ ಸರ್ಕಾರವು ಪರಿಶಿಷ್ಟ ಜಾತಿಗಳಿಗೂ, 1948ರಲ್ಲಿ ಪರಿಶಿಷ್ಟ ಪಂಗಡಗಳಿಗೂ ಮೆಟ್ರಿಕ್ ನಂತರದ ವೇತನವನ್ನು ಆರಂಭಿಸಿತು. ಹೀಗೆ ದಾನವಾಗಿದ್ದುದು ಹಕ್ಕಾಯಿತು. ಸಾಕ್ಷಿಯ ಪೀಠಕ್ಕೆ ಗೃಹಿಣಿಯ ಬದಲು ತಹಶೀಲ್ದಾರರು ಬಂದರು.

ಆ ಸಾಕ್ಷಿ ಇಂದು ಆರ್.ಡಿ. ಸಂಖ್ಯೆಯೆಂಬ ಅಂಕಿಗಳ ಸಾಲಾಗಿದೆ. ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆಗಳಂಥ ಹೋಬಳಿಯ ನಾಡಕಚೇರಿಯಲ್ಲಿ ಜಾತಿ, ಆದಾಯದ ಪತ್ರ ಪಡೆದು, ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಪತ್ರದ ಮೇಲಿನ ಆ ಸಂಖ್ಯೆಯನ್ನು ತುಂಬಬೇಕು. ಅಂಕಪಟ್ಟಿಯಲ್ಲಿ ಹೆಸರಿನ ಮುಂದಿರುವ ಇನಿಷಿಯಲ್ ಆಧಾರಿನಲ್ಲಿ ಹಿಂದೆ ಬಿದ್ದಿದ್ದರೆ ಸಾಕು, ತಿದ್ದುಪಡಿಗೆ ಅಲೆದಾಟ ತಪ್ಪದು. ಎಲ್ಲವೂ ಸರಿಯಾದ ದಿನ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗಿದ್ದರೆ, ಸೈಬರ್ ಕೇಂದ್ರದ ಬೆಂಚಿನ ಮೇಲೆ ಒದ್ದೆ ಕೊಡೆಯೊಡನೆ ಕಾಯುವುದೊಂದೇ ಉಳಿಯುವ ಕೆಲಸ. ಅನ್ಯರಾಜ್ಯದಿಂದ ತೋಟಕ್ಕೆ ಬಂದು ನೆಲೆಸಿದ ಪರಿಶಿಷ್ಟ ಕುಟುಂಬಗಳದು ಇನ್ನೂ ಕಠಿನವಾದ ಕಥೆ: ಪರಿಶಿಷ್ಟ ಸ್ಥಾನವು ಮೂಲ ರಾಜ್ಯಕ್ಕೆ ಕಟ್ಟುಬಿದ್ದಿರುವುದರಿಂದ, ಮಗು ಇಲ್ಲಿಯೇ ಹುಟ್ಟಿ ಕನ್ನಡದಲ್ಲೇ ಓದಿದ್ದರೂ ಜಾತಿಪತ್ರಕ್ಕಾಗಿ ಪೂರ್ವಿಕರ ಊರನ್ನು ಹುಡುಕಬೇಕಾಗುತ್ತದೆ.

2021ರ ರೈತ ವಿದ್ಯಾನಿಧಿಯು ಜಾತಿಯನ್ನು ಕೇಳದೆ, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಯ ಮೂಲಕವೇ ರೈತರ ಮಕ್ಕಳನ್ನು ಗುರುತಿಸಿ, ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿಯನ್ನು ನೇರವಾಗಿ ಬ್ಯಾಂಕಿಗೆ ಕಳುಹಿಸುವ ಏರ್ಪಾಡು ಮಾಡಿತು. ಬೇಡಿಸಿಕೊಳ್ಳದೆ ಕೊಡುವ ಈ ಕ್ರಮ ನನಗೆ ಮೆಚ್ಚುಗೆಯೇ. ಆದರೆ ಆ ಗುರುತಿನ ಸಂಖ್ಯೆ ಪಹಣಿಯನ್ನು ನಂಬಿದೆ. ಪಾಲಾಗದೆ, ಪೌತಿ ಖಾತೆಯೂ ಆಗದೆ ಭೂಮಿಯಿನ್ನೂ ಗತಿಸಿದ ಅಜ್ಜನ ಹೆಸರಿನಲ್ಲೇ ಇರುವ ಮನೆಯ ಹುಡುಗಿಯು ಮೊದಲು ತಂದೆಯನ್ನು ನಾಡಕಚೇರಿಗೆ ಹೊರಡಿಸಬೇಕು.