ಬಾಡಿಗೆ ಮನೆ ಬಿಡುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಹಿರಿಯರು ಹೇಳಿದ್ದಾರೆ. 'ಕಾಗದಪತ್ರ ಇಲ್ಲದ ಬಾಡಿಗೆ ಮನೆ ಬಿಟ್ಟು ನೋಡು' ಅನ್ನುವುದನ್ನೂ ಅದಕ್ಕೆ ಸೇರಿಸಬೇಕು ಅಂತ ನನಗೆ ಅನ್ನಿಸಿದ್ದು ನಾವು ದಾವಣಗೆರೆಯ ಮನೆ ಖಾಲಿ ಮಾಡಿದಾಗ. ನಾವು ಪಟ್ಟ ಪಾಡು ಇನ್ನೊಬ್ಬ ಗೃಹಿಣಿಗೆ ಬೇಡ ಅಂತ ಇದನ್ನು ಬರೆಯಲು ಕೂತಿದ್ದೇನೆ.

ಆ ಮನೆಯಲ್ಲಿ ನಾವು ನಾಲ್ಕು ವರ್ಷ ಇದ್ದೆವು. ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ತಿಂಗಳಿಗೆ 5,500 ರೂಪಾಯಿ ಬಾಡಿಗೆ, 50,000 ರೂಪಾಯಿ ಅಡ್ವಾನ್ಸ್. ಮಾಲೀಕರು ನಮ್ಮ ಮನೆಯವರಿಗೆ ಪರಿಚಯದವರು. "ನಾವು ನೀವು ಬೇರೇನಾ? ಕಾಗದ ಗೀಗದ ಯಾಕ್ರೀ?" ಅಂದರು. ನಮ್ಮವರೂ ತಲೆಯಾಡಿಸಿದರು. ಯುಗಾದಿ ಕಳೆದ ಮೇಲೆ ಹಾಲುಕ್ಕಿಸಿ ಒಳಗೆ ಬಂದೆವು. ಹೊಸದಾಗಿ ಸುಣ್ಣ ಬಳಿದ ಮನೆ ಫಳಫಳ ಹೊಳೆಯುತ್ತಿತ್ತು.

ಆ ಸುಣ್ಣ ಯಾಕೆ ಬಳಿದಿದ್ದರು ಅಂತ ತಿಳಿದದ್ದು ಜೂನಿನಲ್ಲಿ ಮಳೆ ಹಿಡಿದಾಗ. ತಾರಸಿ ಸೋರಿ ಕೋಣೆಯ ಗೋಡೆ ಪೂರ್ತಿ ಒದ್ದೆಯಾಯಿತು. ಪಾತ್ರೆ ಇಟ್ಟಷ್ಟೂ ಸಾಲದು. ಮಾಲೀಕರಿಗೆ ಹೇಳಿದರೆ, "ಮಳೆಗಾಲ ಮುಗೀಲಿ ತಂಗೀ, ಒದ್ದೆ ತಾರಸಿ ಮೇಲೆ ಕೆಲಸ ಮಾಡಿಸೋಕೆ ಬರಲ್ಲ" ಅಂದರು. ಸರಿಯೇ ಅನ್ನಿಸಿತು. ಬೇಸಿಗೆಯಲ್ಲಿ ನೆನಪಿಸಿದರೆ, "ಈಗ ಸೋರ್ತಾ ಇಲ್ವಲ್ಲ, ಯಾಕೆ ಅವಸರ?" ಅಂದರು. ನಾಲ್ಕು ವರ್ಷವೂ ಇದೇ ಮಾತು. ಕೊನೆಯ ಮಳೆಗಾಲದಲ್ಲಿ ಮಗಳು ಓದಿಕೊಳ್ಳುವ ಮೂಲೆಯಲ್ಲೇ ಗಾರೆ ಹೆಪ್ಪಳಿಕೆ ಬಿತ್ತು. ಅವಳು ಆಗ ನೀರು ಕುಡಿಯಲು ಎದ್ದಿದ್ದಳು, ದೇವರು ದೊಡ್ಡವನು.

ಅದೇ ಸಮಯಕ್ಕೆ ನಮ್ಮ ಮನೆಯವರಿಗೆ ಹರಿಹರದಲ್ಲಿ ಕೆಲಸ ಸಿಕ್ಕಿತು. ಮನೆಯೂ ಸಿಕ್ಕಿತು. ಒಂದು ತಿಂಗಳ ಮುಂಚೆಯೇ ದಾವಣಗೆರೆಯ ಮಾಲೀಕರಿಗೆ ಬಾಯಲ್ಲಿ ಹೇಳಿದೆವು. "ಆಗಲಿ, ಒಳ್ಳೇದಾಗಲಿ" ಅಂದರು. ಸಾಮಾನು ಲಾರಿಗೆ ಏರಿಸುವ ದಿನ ಬಂದು ಲೆಕ್ಕ ಒಪ್ಪಿಸಿದರು: ಮೂರು ತಿಂಗಳು ಮೊದಲೇ ಹೇಳಲಿಲ್ಲ ಅಂತ 16,500, ಸುಣ್ಣಬಣ್ಣಕ್ಕೆ 15,000, ಗೋಡೆ ಹಾಳಾದದ್ದಕ್ಕೆ 12,000. ಅಲ್ಲಿಗೆ 50,000ದಲ್ಲಿ ನಮಗೆ ಉಳಿದದ್ದು 6,500! ಸೋರುವ ತಾರಸಿಯಿಂದ ಹಾಳಾದ ಗೋಡೆಗೂ ನಮ್ಮದೇ ದುಡ್ಡು.

ಹರಿಹರದ ಮನೆಗೆ ಅಡ್ವಾನ್ಸ್ ಕೊಡಬೇಕಿತ್ತು. ನನ್ನ ಬಳೆಗಳು ಬ್ಯಾಂಕಿಗೆ ಹೋದವು. "ಬರೆದ ಕಾಗದ ಇಲ್ಲ, ಯಾರ ಹತ್ತಿರ ಕೇಳೋದು? ಹೋಗಲಿ ಬಿಡು" ಅಂದರು ನಮ್ಮವರು. ನನಗೆ ಬಿಡಲು ಮನಸ್ಸಾಗಲಿಲ್ಲ.

ಬಾಯಿ ಮಾತೂ ಕರಾರೇ

ಎದುರುಮನೆ ಅಕ್ಕ ಒಂದು ದಾರಿ ಹೇಳಿದರು. ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಪುಕ್ಕಟೆ ಸಲಹೆ ಸಿಗುತ್ತೆ ಅಂತ. ನಾನು ನಂಬಲಿಲ್ಲ. ಆದರೆ ಅದು ನಿಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಯಾವುದೇ ಹೆಣ್ಣುಮಗಳು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹಳು. ಜಿಲ್ಲಾ ಕೇಂದ್ರದಲ್ಲಿ ಪ್ರಾಧಿಕಾರ, ತಾಲ್ಲೂಕಿನ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ. ಫೋನಿನಲ್ಲಿ ಕೇಳುವುದಾದರೆ ದೇಶಕ್ಕೆಲ್ಲ ಒಂದೇ ನಂಬರು, 15100.

ಅಲ್ಲಿ ಸಿಕ್ಕ ವಕೀಲರು ಹೆಂಗಸೇ. ನನ್ನ ಕಥೆಯನ್ನೆಲ್ಲ ಸಮಾಧಾನದಿಂದ ಕೇಳಿದರು. ನಾನು ಮೊದಲು ಕೇಳಿದ್ದೇ, "ಮೇಡಂ, ನಮ್ಮ ಹತ್ತಿರ ಕರಾರು ಪತ್ರವೇ ಇಲ್ಲವಲ್ಲ?"

"ಇಲ್ಲದಿದ್ದರೇನಮ್ಮಾ? ಬಾಯಿ ಮಾತಿನ ಬಾಡಿಗೆಯೂ ಬಾಡಿಗೆಯೇ" ಅಂದರು ಅವರು. ಅವರು ತಿಳಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಅಂತ ಇದೆ. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಅದು ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಊರು ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿ ದಾಟಿದರೆ ಅನ್ವಯಿಸುವುದಿಲ್ಲ. ನಮ್ಮಂಥ ಮನೆಗಳಿಗೆ ಇವತ್ತಿಗೂ ಆಧಾರ ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರಲ್ಲಿ ನಮಗೆ ಬೇಕಾದ ಮಾತು ನಾಲ್ಕು.

ಮೊದಲನೆಯದು ನೋಟೀಸು. ಬೇರೆ ಕರಾರು ಇಲ್ಲದಿದ್ದರೆ ವಾಸದ ಮನೆಯನ್ನು ತಿಂಗಳಿಂದ ತಿಂಗಳಿಗೆ ಬಾಡಿಗೆಗೆ ಪಡೆದಂತೆ ಲೆಕ್ಕ. ಬಿಡಿಸುವವರಾಗಲಿ, ಬಿಡುವವರಾಗಲಿ, 15 ದಿನದ ನೋಟೀಸು ಕೊಟ್ಟರೆ ಸಾಕು. 106ನೇ ಕಲಮು ಹೇಳುವುದು ಇದನ್ನೇ. ಮೂರು ತಿಂಗಳ ಮಾತು ಮಾಲೀಕರು ಆಮೇಲೆ ಹುಟ್ಟಿಸಿಕೊಂಡದ್ದು. ಆದರೆ ಒಂದು ವಿಷಯ: ನೋಟೀಸು ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ನಾವು ಬಾಯಲ್ಲಿ ಹೇಳಿದ್ದು ನಮ್ಮ ತಪ್ಪು.

ಎರಡನೆಯದು ಸವಕಳಿ. ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ಒಪ್ಪಿಸಬೇಕು ಅನ್ನುವುದು ನಿಜ. ಆದರೆ ದಿನನಿತ್ಯದ ಬಳಕೆಯಿಂದ ಸವೆದದ್ದು ಬಾಡಿಗೆದಾರರ ತಲೆಗೆ ಬರುವುದಿಲ್ಲ. ನಾಲ್ಕು ವರ್ಷಕ್ಕೆ ಬಣ್ಣ ಮಾಸುವುದು, ಒಲೆಯ ಹಿಂದೆ ಗೋಡೆ ಮಂಕಾಗುವುದು ಸವಕಳಿ. ನಮ್ಮ ಕಡೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆ ಹಿಡಿಯುವುದು ರೂಢಿ. ಅದನ್ನು ಒಪ್ಪಿಕೊಂಡಿದ್ದರೆ ಸರಿ, ಒಪ್ಪಿರದಿದ್ದರೆ ಅದೇ ಕಾನೂನು ಅಂತ ತಿಳಿಯಬೇಡಿ. ಆದರೆ ನಮ್ಮ ಮಕ್ಕಳು ಒಡೆದ ಕಿಟಕಿ ಗಾಜು ನಮ್ಮ ಖರ್ಚೇ. ಅದರಲ್ಲಿ ವಾದ ಇಲ್ಲ.

ಮೂರನೆಯದು ಬಚ್ಚಿಟ್ಟ ದೋಷ. ಸಾಮಾನ್ಯವಾಗಿ ನೋಡಿದರೆ ಕಾಣದ ದೊಡ್ಡ ದೋಷ ಮಾಲೀಕರಿಗೆ ಗೊತ್ತಿದ್ದರೆ, ಕೊಡುವಾಗಲೇ ತಿಳಿಸಬೇಕು. ಸೋರುವ ತಾರಸಿಯ ಕಲೆಯನ್ನು ಸುಣ್ಣದಲ್ಲಿ ಮುಚ್ಚಿ ಬೇಸಿಗೆಯಲ್ಲಿ ಕೊಟ್ಟದ್ದು ಈ ಮಾತಿಗೆ ಬರುತ್ತೆ ಅಂದರು ವಕೀಲರು.

ನಾಲ್ಕನೆಯದು ರಿಪೇರಿ. ಇಲ್ಲಿ ನಾವು ಹುಷಾರಾಗಿರಬೇಕು. ಎಲ್ಲ ರಿಪೇರಿಯೂ ಮಾಲೀಕರದ್ದೇ ಅಂತ ಈ ಹಳೇ ಕಾಯಿದೆ ಹೇಳುವುದಿಲ್ಲ. ಮಾಲೀಕರು ಮಾಡಿಸಲು ಬದ್ಧರಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ನಾವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಬದ್ಧರು ಅಂತ ತೋರಿಸಲು ಮಾತು ಬರವಣಿಗೆಯಲ್ಲಿರಬೇಕು. ಅದಕ್ಕೇ ಮನೆಗೆ ಹೋಗುವಾಗಲೇ 'ತಾರಸಿ, ನಲ್ಲಿ, ಮೋರಿ, ವೈರಿಂಗ್ ರಿಪೇರಿ ಮಾಲೀಕರದ್ದು' ಅಂತ ಒಂದು ಸಾಲು ಬರೆಸಿಕೊಳ್ಳಿ. ಸಿಟ್ಟಿಗೆ ಬಾಡಿಗೆ ನಿಲ್ಲಿಸುವುದು ಮಾತ್ರ ಬೇಡ. ತಪ್ಪು ನಮ್ಮ ಕಡೆ ತಿರುಗುತ್ತೆ.

2021ರ ಜೂನಿನಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯಿದೆಯೊಂದಕ್ಕೆ ಒಪ್ಪಿಗೆ ಕೊಟ್ಟದ್ದನ್ನು ನೀವೂ ಕೇಳಿರಬಹುದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು, ಮನೆ ವಾಪಸು ತೆಗೆದುಕೊಳ್ಳುವಾಗಲೇ ಅದನ್ನು ಹಿಂದಿರುಗಿಸಬೇಕು ಅಂತ ಅದರಲ್ಲಿದೆ. ಆದರೆ ಅದು ಮಾದರಿ ಅಷ್ಟೇ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅನ್ವಯ.

ಸಾಕ್ಷಿ ಎಲ್ಲಿತ್ತು ಗೊತ್ತೇ?

"ಅಡ್ವಾನ್ಸ್ ಕೊಟ್ಟದ್ದಕ್ಕೆ ಏನಿದೆ?" ಅಂತ ವಕೀಲರು ಕೇಳಿದಾಗ ನನ್ನ ಬಾಯಿ ಕಟ್ಟಿತು. ಮನೆಗೆ ಬಂದು ಹುಡುಕಿದೆ. ಹಾಲಿನ ಲೆಕ್ಕ ಬರೆಯುವ ಹಳೇ ಕ್ಯಾಲೆಂಡರುಗಳನ್ನು ನಾನು ಎಸೆದಿರಲಿಲ್ಲ. ಪ್ರತಿ ತಿಂಗಳೂ 'ಬಾಡಿಗೆ ಕೊಟ್ಟಿದೆ' ಅಂತ ನನ್ನ ಕೈಬರಹ ಇತ್ತು. ಅಡ್ವಾನ್ಸ್ ಕೊಟ್ಟ ದಿನವೇ ಬ್ಯಾಂಕಿನಿಂದ ಹಣ ತೆಗೆದದ್ದು ಪಾಸ್‌ಬುಕ್ಕಿನಲ್ಲಿತ್ತು. ಆಮೇಲಿನ ವರ್ಷಗಳ ಬಾಡಿಗೆ ಮಗನ ಫೋನಿನಿಂದ ಹೋಗಿತ್ತು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮಾಲೀಕರೇ ಕೊಟ್ಟದ್ದು. ಮಗ ವಾಟ್ಸಾಪಿನಲ್ಲಿ, "ಅಂಕಲ್, ನಮ್ಮ 50,000 ಅಡ್ವಾನ್ಸ್ ಯಾವಾಗ ಕೊಡ್ತೀರಿ?" ಅಂತ ಕೇಳಿದ್ದ. "ಸುಣ್ಣಬಣ್ಣದ ಖರ್ಚು ಕಳೆದು ಕೊಡ್ತೀನಿ" ಅಂತ ಅವರು ಬರೆದಿದ್ದರು. ತೆಗೆದುಕೊಂಡೇ ಇಲ್ಲ ಅನ್ನಲು ಇನ್ನು ಬರುವಂತಿರಲಿಲ್ಲ.

ಕೋರ್ಟಿಗೆ ಹೋಗದೆ ರಾಜಿಗೆ ಕರೆಸಬಹುದು ಅಂದಾಗ ಅರ್ಜಿ ಕೊಟ್ಟೆ. ಕರೆ ಹೋಯಿತು. ಮೊದಲ ಸಲ ಮಾಲೀಕರು ಬರಲಿಲ್ಲ. ಎರಡನೇ ಸಲ ಬಂದರು. ಕ್ಯಾಲೆಂಡರು, ಪಾಸ್‌ಬುಕ್ಕು, ಗಾರೆ ಬಿದ್ದ ಫೋಟೋ ಮೇಜಿನ ಮೇಲಿಟ್ಟಾಗ ಅವರ ದನಿ ತಗ್ಗಿತು. ಮೂರು ತಿಂಗಳ ಬಾಡಿಗೆಯ ಮಾತನ್ನೂ ಗೋಡೆಯ ಮಾತನ್ನೂ ಬಿಟ್ಟರು. ಒಡೆದ ಗಾಜಿಗೆ, ಅಡುಗೆಮನೆ ಕಟ್ಟೆಯ ಸೀಳಿದ ಕಲ್ಲಿಗೆ 1,500 ನಾನು ಒಪ್ಪಿದೆ. ಸುಣ್ಣಬಣ್ಣಕ್ಕೆ 3,000 ಬಿಟ್ಟುಕೊಟ್ಟೆ. ಅದನ್ನು ಬಿಡಲೇಬೇಕು ಅಂತ ಇರಲಿಲ್ಲ. ಆದರೆ ಹರಿಹರದಿಂದ ಮತ್ತೆ ಮತ್ತೆ ಓಡಾಡುವುದು ನನಗೆ ಬೇಡವಾಗಿತ್ತು. ಉಳಿದ 45,500 ಎರಡು ಕಂತಿನಲ್ಲಿ ಬಂತು. ಗೌರಿ ಹಬ್ಬಕ್ಕೆ ಮುಂಚೆ ಬಳೆ ಬಿಡಿಸಿಕೊಂಡೆ.

ಇಂಥ ರಾಜಿಯನ್ನು ಲೋಕ ಅದಾಲತ್ತಿನಲ್ಲಿ ದಾಖಲು ಮಾಡಿಸಿದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇರುತ್ತೆ. ಶುಲ್ಕವಿಲ್ಲ, ಅದರ ಮೇಲೆ ಅಪೀಲೂ ಇಲ್ಲ. ರಾಜಿ ಆಗದಿದ್ದರೆ ಹಣ ವಸೂಲಿಗೆ ದಾವೆ ಹೂಡಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. 'ನೋಡೋಣ, ನೋಡೋಣ' ಅಂತ ವರ್ಷ ಕಳೆಯಬೇಡಿ.

ನೀವು ಮಾಡಬೇಕಾದ್ದು

ನೋಟೀಸು ಅಂದರೆ ಹೆದರಬೇಡಿ. ಒಂದು ಹಾಳೆಯಲ್ಲಿ ಹೀಗೆ ಬರೆದರೆ ಆಯಿತು:

'ಮಾನ್ಯರೇ, ತಮ್ಮ ಇಂಥ ವಿಳಾಸದ ಮನೆಯಲ್ಲಿ ತಿಂಗಳಿಗೆ ಇಷ್ಟು ರೂಪಾಯಿ ಬಾಡಿಗೆಗೆ ಇಂಥ ದಿನದಿಂದ ವಾಸವಾಗಿದ್ದೇವೆ. ತಮ್ಮಲ್ಲಿ ನಮ್ಮ ಇಷ್ಟು ರೂಪಾಯಿ ಅಡ್ವಾನ್ಸ್ ಇದೆ. ಇಂಥ ತಾರೀಖಿಗೆ ಮನೆ ಖಾಲಿ ಮಾಡುತ್ತೇವೆ. ಅಂದು ಮನೆ ನೋಡಿಕೊಂಡು, ಕೀಲಿ ಪಡೆದು, ಅಡ್ವಾನ್ಸ್ ಹಿಂದಿರುಗಿಸಬೇಕಾಗಿ ಕೋರಿಕೆ.'

ಯಾರ ಹೆಸರಲ್ಲಿ ಬಾಡಿಗೆಗೆ ಪಡೆದಿದೆಯೋ ಅವರು ತಾರೀಖು ಹಾಕಿ ಸಹಿ ಮಾಡಲಿ. 15 ದಿನದ ಲೆಕ್ಕ ಅವರಿಗೆ ಪತ್ರ ತಲುಪಿದ ದಿನದಿಂದ. ತಿಂಗಳ ಕೊನೆಗೆ ಹೊಂದಿಸಿದರೆ ಬಾಡಿಗೆ ಲೆಕ್ಕ ಸುಲಭ. ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಅವರ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಬಿಡುವ ದಿನ ಸಾಮಾನು ಖಾಲಿಯಾದ ಮೇಲೆ ಮನೆ ಗುಡಿಸಿ ಪ್ರತಿ ಗೋಡೆ, ನಲ್ಲಿ, ಬಾಗಿಲಿನ ಫೋಟೋ ತೆಗೆಯಿರಿ. ನೀವು ಹಾಕಿಸಿದ ಫ್ಯಾನು, ಟ್ಯೂಬ್‌ಲೈಟು ನೀವೇ ತೆಗೆದುಕೊಳ್ಳಬಹುದು. ಗೋಡೆ ಹಾಳಾಗದಂತೆ, ಕೀಲಿ ಕೊಡುವ ಮೊದಲೇ ತೆಗೆಯಬೇಕು. ಕರೆಂಟು ಮೀಟರಿನ ಅಂಕಿ ಬರೆದುಕೊಳ್ಳಿ, ನೀರಿನ ಬಾಕಿ ಕಟ್ಟಿ. ಅಕ್ಕಪಕ್ಕದವರೊಬ್ಬರ ಎದುರು ಕೀಲಿ ಕೊಟ್ಟು, 'ಕೀಲಿ ತಲುಪಿತು' ಅಂತ ಒಂದು ಸಾಲು ಬರೆಸಿಕೊಳ್ಳಿ. ನಾನು ಕೀಲಿಯನ್ನು ಸುಮ್ಮನೆ ಅವರ ಅಂಗಡಿ ಮೇಜಿನ ಮೇಲಿಟ್ಟು ಬಂದಿದ್ದೆ. ಹಾಗೆ ಮಾಡಬೇಡಿ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. 2023ರಲ್ಲಿ ಶುರುವಾದ ಗೃಹಜ್ಯೋತಿಗೆ ಹಳೇ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿಕೊಳ್ಳಿ. ಆಮೇಲೆ ಹೊಸ ಮನೆಯ ಆರ್.ಆರ್. ನಂಬರಿಗೆ ಜೋಡಿಸಿ. ಸೇವಾಸಿಂಧುವಿನಲ್ಲಿ ಮಾಡಬಹುದು, ಬೆಸ್ಕಾಂ ಕಛೇರಿಯಲ್ಲೂ ವಿಚಾರಿಸಬಹುದು. ಗ್ಯಾಸು, ರೇಷನ್ ಕಾರ್ಡಿನ ವಿಳಾಸವನ್ನೂ ಆಗಲೇ ಬದಲಿಸಿದರೆ ಒಳ್ಳೆಯದು.

ನೋಟೀಸಿನ ಅವಧಿಯೊಳಗೆ ಮಾಲೀಕರು ಬೀಗ ಹಾಕಿ ಹೊರಗೆ ನಿಲ್ಲಿಸಲು ಬಂದರೆ ಅದು ಕಾನೂನಲ್ಲ. ಒತ್ತಾಯದಿಂದ ಹೊರಹಾಕಿದರೆ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಸ್ವಾಧೀನ ಕೇಳುವ ಹಕ್ಕು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿದೆ.

ಮಾಲೀಕರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬಾಡಿಗೆಯ ದುಡ್ಡಿನಲ್ಲೇ ಔಷಧಿ ತರುವ ವಯಸ್ಸಾದವರೂ ಇದ್ದಾರೆ, ಬಾಕಿ ಇಟ್ಟು ರಾತ್ರೋರಾತ್ರಿ ಹೋಗುವ ಬಾಡಿಗೆದಾರರೂ ಇದ್ದಾರೆ. ಕಾಗದ ಇಬ್ಬರಿಗೂ ಒಳ್ಳೆಯದು.

ಹರಿಹರದ ಮನೆ ಒಡತಿ ವಯಸ್ಸಾದ ಅಜ್ಜಿ. ಹನ್ನೊಂದು ತಿಂಗಳ ಕರಾರು ಬರೆಸೋಣ ಅಂತ ನಾನೇ ಕೇಳಿದೆ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತೆ. "ಅದೇ ಛಲೋ ನೋಡವ್ವಾ, ನಾಳೆ ನನ್ನ ಮಕ್ಕಳು ಬಂದು ಕೇಳಿದರೆ ತೋರಿಸಾಕ ಬರ್ತೈತಿ" ಅಂದರು. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಸುಣ್ಣಬಣ್ಣಕ್ಕೆ ಎಷ್ಟು, ಯಾವ ರಿಪೇರಿ ಯಾರದ್ದು, ಎಲ್ಲ ಬರೆಸಿದೆವು. ಪ್ರತಿ ನನ್ನ ಹತ್ತಿರವೇ ಇದೆ, ಈ ವರ್ಷದ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ.