ಹದಿನೈದು ವರ್ಷದ ಗೆಲುವನ್ನು ನಿಲ್ಲಿಸಿದ ಆಟ



ನಮ್ಮ ಊರಾಗ ಕ್ರಿಕೆಟ್ ಆಡದ ಓಣಿ ಇಲ್ಲ. ಬ್ಯಾಟ್ ಇಲ್ಲದಿದ್ದರೆ ಹಲಗೆ ತುಂಡು, ಸ್ಟಂಪ್ ಇಲ್ಲದಿದ್ದರೆ ಮೂರು ಕಲ್ಲು. ಆದರೆ ನಮ್ಮ ರಾಜ್ಯದ ತಂಡಕ್ಕೆ ‘ಕರ್ನಾಟಕ’ ಎಂಬ ಹೆಸರು ಯಾವಾಗ ಬಂತು, ಆ ಹೆಸರಿನಿಂದ ಆಡಿದ ಮೊದಲನೇ ವರ್ಷವೇ ಏನಾಯಿತು ಅಂತ ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ರಣಜಿ ಟ್ರೋಫಿ ಅಂದರೇನು?

ನಮ್ಮ ದೇಶದ ರಾಜ್ಯ ರಾಜ್ಯಗಳ ನಡುವೆ ನಡೆಯುವ ದೊಡ್ಡ ಕ್ರಿಕೆಟ್ ಸ್ಪರ್ಧೆಗೆ ರಣಜಿ ಟ್ರೋಫಿ ಎನ್ನುತ್ತಾರೆ. ಇದು 1934ರಲ್ಲಿ ಶುರುವಾಯಿತು. ನವಾನಗರದ ಅರಸರಾಗಿದ್ದ ರಣಜಿತ್‌ಸಿಂಹಜಿ ಎಂಬ ಆಟಗಾರರ ನೆನಪಿಗಾಗಿ ಈ ಹೆಸರು ಇಟ್ಟಿದ್ದಾರೆ.

ಇದು ಒಂದೇ ದಿನದಾಗ ಮುಗಿಯುವ ಆಟ ಅಲ್ಲ. ಹಲವು ದಿನ ನಡೆಯುತ್ತದೆ. ಎರಡೂ ತಂಡಗಳಿಗೆ ಎರಡೆರಡು ಸಲ ಬ್ಯಾಟ್ ಮಾಡಲು ಅವಕಾಶ. ಒಂದೊಂದು ಸರದಿಗೆ ‘ಇನ್ನಿಂಗ್ಸ್’ ಎನ್ನುತ್ತಾರೆ. ದಿನ ಮುಗಿದರೂ ಆಟ ಮುಗಿಯದಿದ್ದರೆ ಏನು ಮಾಡೋದು? ಸೆಮಿಫೈನಲ್ ಅಂದಮೇಲೆ ಯಾರಾದರೂ ಒಬ್ಬರು ಮುಂದೆ ಹೋಗಲೇಬೇಕಲ್ಲ. ಆಗ ಮೊದಲನೇ ಇನ್ನಿಂಗ್ಸ್‌ನಾಗ ಯಾರು ಹೆಚ್ಚು ರನ್ ಮಾಡಿರುತ್ತಾರೋ ಅವರೇ ಮುಂದೆ ಹೋಗುತ್ತಾರೆ. ಈ ನಿಯಮ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮುಂಬಯಿ ಎಂಬ ಬೆಟ್ಟ

ಆಗ ಮುಂಬಯಿ ತಂಡಕ್ಕೆ ಬಾಂಬೆ ತಂಡ ಎಂದು ಹೆಸರಿತ್ತು. 1958-59ರಿಂದ 1972-73ರವರೆಗೆ ಒಂದು ವರ್ಷವೂ ಬಿಡದೆ, ಸಾಲಾಗಿ 15 ಸಲ ಈ ತಂಡವೇ ಟ್ರೋಫಿ ಗೆದ್ದಿತ್ತು. ಒಂದನೇ ತರಗತಿಗೆ ಸೇರಿದ ಹುಡುಗ ಕಾಲೇಜು ಮುಗಿಸುವ ತನಕ ಗೆದ್ದವರು ಅವರೇ ಅಂದರೆ ಲೆಕ್ಕ ಹಾಕಿರಿ! ತಂಡದ ತುಂಬಾ ಪ್ರಸಿದ್ಧ ಆಟಗಾರರು. ನಾಯಕ ಅಜಿತ್ ವಾಡೇಕರ್. ಅವರು ಭಾರತ ತಂಡಕ್ಕೂ ನಾಯಕರು. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ನೆಲದಲ್ಲಿ ಸರಣಿ ಗೆದ್ದು ಬಂದವರು. ಜೊತೆಗೆ ಸುನಿಲ್ ಗಾವಸ್ಕರ್, ಏಕನಾಥ ಸೋಲ್ಕರ್, ಅಶೋಕ ಮಂಕಡ್.

ನಮ್ಮ ತಂಡ 1941-42ರಲ್ಲಿ ಒಮ್ಮೆ, 1959-60ರಲ್ಲಿ ಇನ್ನೊಮ್ಮೆ ಫೈನಲ್‌ಗೆ ಹೋಗಿತ್ತು. ಎರಡೂ ಸಲ ಸೋತಿದ್ದು ಇದೇ ಬಾಂಬೆ ತಂಡಕ್ಕೆ. ಆಗ ನಮ್ಮ ತಂಡದ ಹೆಸರು ‘ಮೈಸೂರು’.

ಹೆಸರು ಬದಲಾಯಿತು

ಇಲ್ಲಿ ನಮ್ಮ ಭಾಗದ ಇತಿಹಾಸ ಸ್ವಲ್ಪ ಹೇಳಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲ್ಲೂಕು ಮೊದಲು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಾವೂ ಒಳಗೆ ಬಂದೆವು. ಆದರೆ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ನಮ್ಮ ಕಡೆಯವರು ಮೈಸೂರು ಸೀಮೆಯವರಲ್ಲ. 1973ರ ನವೆಂಬರ್ 1ರಂದು ‘ಕರ್ನಾಟಕ’ ಎಂದು ಹೆಸರಾಯಿತು. ಆ ವರ್ಷದ ರಣಜಿ ಪಂದ್ಯಗಳಲ್ಲಿ ನಮ್ಮ ತಂಡವೂ ಮೊದಲ ಸಲ ‘ಕರ್ನಾಟಕ’ ಎಂಬ ಹೆಸರಿನಿಂದ ಆಡಿತು. ಎಲ್ಲರದೂ ಆಗುವಂಥ ಹೆಸರು.

1974ರ ಮಾರ್ಚ್ ತಿಂಗಳು

ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಿಗೆ ಮತ್ತೆ ಬಾಂಬೆ! ನಮ್ಮ ನಾಯಕ ಇ.ಎ.ಎಸ್. ಪ್ರಸನ್ನ. ಇವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು. ಬಿ.ಎಸ್. ಚಂದ್ರಶೇಖರ್ ಇದ್ದರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಬಲಗೈ ಸಣ್ಣಗಾಗಿತ್ತು. ಅದೇ ಕೈಯಿಂದ ಬೌಲಿಂಗ್ ಮಾಡಿ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದಿದ್ದರು. ಭದ್ರಾವತಿಯ ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ ಕೂಡ ಇದ್ದರು.

ಮೊದಲು ಬ್ಯಾಟ್ ಮಾಡಿದ್ದು ಕರ್ನಾಟಕ. ವಿಶ್ವನಾಥ್ ಕುಳ್ಳಗೆ ಇದ್ದರೂ ಅವರ ಹೊಡೆತ ಬಹಳ ಚೆಂದ ಅಂತ ನೋಡಿದವರು ಹೇಳುತ್ತಾರೆ. ಅವರು 162 ರನ್ ಹೊಡೆದರು. ಬ್ರಿಜೇಶ್ ಪಟೇಲ್ 106. ಒಟ್ಟು 385 ರನ್.

ಆದರೆ ಬಾಂಬೆಯವರಿಗೆ 385 ದಾಟುವುದು ದೊಡ್ಡ ಮಾತೇನಲ್ಲ. ಗಾವಸ್ಕರ್ 30 ರನ್ ಮಾಡಿದ್ದಾಗ ಪ್ರಸನ್ನ ಅವರನ್ನು ಬೌಲ್ಡ್ ಮಾಡಿದರು. ಪ್ರಸನ್ನ ಅವರದು ಸ್ಪಿನ್. ನಾವು ಬುಗುರಿಗೆ ದಾರ ಸುತ್ತಿ ಬಿಟ್ಟಾಗ ಅದು ಗಿರಗಿರ ತಿರುಗುತ್ತದಲ್ಲ, ಹಾಗೇ ಬೆರಳಿನಿಂದ ಚೆಂಡನ್ನು ತಿರುಗಿಸಿ ಬಿಡುತ್ತಾರೆ. ತಿರುಗುವ ಚೆಂಡು ನೆಲಕ್ಕೆ ತಾಗಿದ ಕೂಡಲೇ ದಾರಿ ಬದಲಿಸುತ್ತದೆ. ಪ್ರಸನ್ನ ಅದನ್ನು ಮೇಲಕ್ಕೆ ತೇಲಿಸಿ ಬಿಡುತ್ತಿದ್ದರು. ಚೆಂಡು ಹತ್ತಿರ ಬಂತು ಅಂತ ಬ್ಯಾಟ್ಸ್‌ಮನ್ ಮುಂದೆ ಬಂದರೆ ಅದು ಅಲ್ಲಿ ಇರುತ್ತಿರಲಿಲ್ಲ!

ಇನ್ನು ಉಳಿದವರು ವಾಡೇಕರ್. ಅವರು 62 ರನ್ ಮಾಡಿ ಗಟ್ಟಿಯಾಗಿ ನಿಂತಿದ್ದರು. ಆದರೆ ರನ್ ಓಡುವಾಗ ಕಾಲು ಜಾರಿತು, ರನ್ ಔಟ್ ಆದರು. ಅಲ್ಲಿಂದ ಆಟ ನಮ್ಮ ಕಡೆ ವಾಲಿತು. ಬಾಂಬೆ 307ಕ್ಕೆ ಔಟಾಯಿತು.

385ರಲ್ಲಿ 307 ಕಳೆದರೆ 78. ದಿನಗಳು ಮುಗಿದವು, ಪಂದ್ಯ ಡ್ರಾ ಆಯಿತು. ಆಗ ಮೊದಲು ಹೇಳಿದ ನಿಯಮ ಬಂತು. ಮೊದಲನೇ ಇನ್ನಿಂಗ್ಸ್‌ನ ಆ 78 ರನ್ನಿನಿಂದ ಕರ್ನಾಟಕ ಫೈನಲ್‌ಗೆ ಹೋಯಿತು. 15 ವರ್ಷದ ನಂತರ ಬಾಂಬೆ ಇಲ್ಲದ ಫೈನಲ್! ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ನಮ್ಮ ತಂಡ ಮೊದಲ ಸಲ ಟ್ರೋಫಿ ತಂದಿತು. ಹೊಸ ಹೆಸರು, ಮೊದಲ ವರ್ಷ, ಮೊದಲ ಟ್ರೋಫಿ.

ಇನ್ನೊಂದು ಮಜಾ ಸಂಗತಿ. ಎದುರಾಳಿಗಳಾಗಿದ್ದ ಗಾವಸ್ಕರ್ ಮತ್ತು ವಿಶ್ವನಾಥ್ ಸಂಬಂಧಿಕರೂ ಆದರು. ಗಾವಸ್ಕರ್ ಅವರ ಸೋದರಿಯನ್ನೇ ವಿಶ್ವನಾಥ್ ಮದುವೆಯಾದರು. ಮೈದಾನದಾಗ ಜಿದ್ದು ಇರಬೇಕು, ಹೊರಗೆ ಇರಬಾರದು ಅನ್ನೋದಕ್ಕೆ ಇದೇ ಉದಾಹರಣೆ.

ನಮಗೆ ಇದರಿಂದ ಏನು?

1974ರ ತಂಡದ ಹೆಸರಾಂತ ಆಟಗಾರರು ಬೆಂಗಳೂರು, ಮೈಸೂರು, ಭದ್ರಾವತಿ ಕಡೆಯವರು. ‘ಕರ್ನಾಟಕ ಅಂದರೆ ಅಷ್ಟೇ ಏನು?’ ಅಂತ ಯಾರಾದರೂ ಕೇಳಬಹುದು. ಅಲ್ಲ. ನಮ್ಮ ಪಕ್ಕದ ಗದಗದಿಂದ ಸುನಿಲ್ ಜೋಶಿ ಬಂದರು. ಅಭ್ಯಾಸಕ್ಕಾಗಿ ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿದವರು ಅವರು. 1995-96ರ ರಣಜಿಯಲ್ಲಿ 500ಕ್ಕಿಂತ ಹೆಚ್ಚು ರನ್ನೂ ಮಾಡಿದರು, 50ಕ್ಕಿಂತ ಹೆಚ್ಚು ವಿಕೆಟ್ಟೂ ತೆಗೆದರು. ಆ ವರ್ಷ ಟ್ರೋಫಿ ನಮ್ಮದಾಯಿತು. ಆಮೇಲೆ ದಾವಣಗೆರೆಯ ವಿನಯ್ ಕುಮಾರ್ ನಾಯಕರಾದರು. ರಣಜಿ ಗೆದ್ದ ತಂಡ, ಉಳಿದ ಇಡೀ ಭಾರತದಿಂದ ಆರಿಸಿದ ತಂಡದ ಜೊತೆ ಆಡುವ ಪಂದ್ಯಕ್ಕೆ ಇರಾನಿ ಕಪ್ ಎನ್ನುತ್ತಾರೆ. 2014ರ ಫೆಬ್ರವರಿಯಲ್ಲಿ ವಿನಯ್ ಕುಮಾರ್ ತಂಡ ಆ ಆಯ್ದ ತಂಡವನ್ನೇ ಇನ್ನಿಂಗ್ಸ್ ಮತ್ತು 222 ರನ್ನಿನಿಂದ ಸೋಲಿಸಿತು.

ಹುಡುಗಿಯರೂ ಸುಮ್ಮನೆ ಕೂಡಬಾರದು. 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದಾಗ ನಾಯಕಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ.

ಹೀಗೆ ಹೆಸರು ಮೊದಲು ಬಂತು, ಊರುಗಳು ಒಂದೊಂದಾಗಿ ಬಂದವು. ಗದಗದ ತನಕ ಬಂದಿದ್ದು ಕೊಪ್ಪಳಕ್ಕೆ ಬರುವುದು ದೂರ ಏನಿಲ್ಲ. ಗದಗ ಬಿಟ್ಟ ರೈಲು ಮುಂದೆ ನಮ್ಮ ಕೊಪ್ಪಳಕ್ಕೇ ಬರುತ್ತದೆ!

ಯೋಚಿಸಿ ಹೇಳಿರಿ: ಬಾಂಬೆ ತಂಡಕ್ಕೆ ಕರ್ನಾಟಕದ ಮೊತ್ತವನ್ನು ದಾಟಲು ಇನ್ನೂ ಎಷ್ಟು ರನ್ ಬೇಕಾಗಿತ್ತು? (78 ಅನ್ನಬೇಡಿರಿ. ಸರಿಯಾಗಿ ವಿಚಾರ ಮಾಡಿರಿ.)