ಮೇಣದಬತ್ತಿ ಆರದಿದ್ದರೆ ಸಂಪಿಗೆ ಇಳಿಯಬಹುದೇ?

ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಸಂಪು ತೊಳೆಯುವ ಮಾತು. ಹೇಗೂ ನೀರು ತಳ ಮುಟ್ಟಿದೆ, ಹೂಳು ಕಾಣುತ್ತಿದೆ, ಟ್ಯಾಂಕರ್ ಬರುವಷ್ಟರಲ್ಲಿ ಒಮ್ಮೆ ಇಳಿದು ಉಜ್ಜಿಬಿಡೋಣ ಎಂಬ ಲೆಕ್ಕ. ಇದರ ಜೊತೆಗೇ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಲಹೆಯೂ ಓಡಾಡುತ್ತದೆ. ಬಕೆಟ್‌ನಲ್ಲಿ ಮೇಣದಬತ್ತಿ ಹಚ್ಚಿಟ್ಟು ಹಗ್ಗ ಕಟ್ಟಿ ಸಂಪಿನೊಳಗೆ ಇಳಿಸಬೇಕಂತೆ. ದೀಪ ಆರಿದರೆ ಒಳಗೆ ವಿಷಗಾಳಿ ಇದೆ, ಆರದಿದ್ದರೆ ಧೈರ್ಯವಾಗಿ ಇಳಿಯಬಹುದು ಅಂತೆ.

ಕಳುಹಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಲಹೆಯಲ್ಲಿ ಅರ್ಧ ಮಾತ್ರ ಸರಿ. ದೀಪ ಆರಿದರೆ ಇಳಿಯಬೇಡಿ ಎಂಬುದು ಖಂಡಿತ ನಿಜ. ಆರದಿದ್ದರೆ ಇಳಿಯಬಹುದು ಎಂಬುದು ಜೀವ ತೆಗೆಯುವ ಮಾತು. ಏಕೆಂದು ನೋಡೋಣ.

ದೀಪಕ್ಕೆ ಏನು ಗೊತ್ತಾಗುತ್ತದೆ?

ಈ ಪರೀಕ್ಷೆ ಹೊಸದಲ್ಲ. ಬಾವಿ ತೋಡುವವರು, ಗಣಿಗಳಲ್ಲಿ ಕೆಲಸ ಮಾಡುವವರು ಹಿಂದಿನಿಂದಲೂ ಇದನ್ನು ಮಾಡುತ್ತಿದ್ದರು. ಹಳೆಯ ಬಾವಿಗಳ ತಳದಲ್ಲಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ ಇಂಗಾಲದ ಡೈಆಕ್ಸೈಡ್ ಕೂತಿರುತ್ತದೆ. ಅಲ್ಲಿಗೆ ಹೋದ ದೀಪ ಆರುತ್ತದೆ. ಬೇರೆ ಉಪಕರಣವೇ ಇಲ್ಲದ ಕಾಲದಲ್ಲಿ ಅದೂ ಒಂದು ಸಹಾಯವೇ. ಆದರೆ ಗಣಿಯವರೇ ಅದನ್ನು ಪೂರ್ತಿ ನಂಬಲಿಲ್ಲ. ಇಂಗಾಲದ ಮೊನಾಕ್ಸೈಡ್ ಇದ್ದರೆ ದೀಪಕ್ಕೆ ಗೊತ್ತಾಗುವುದಿಲ್ಲ ಎಂದೇ ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಆ ಪದ್ಧತಿ 1986ರವರೆಗೂ ಇತ್ತು.

ಈಗ ಅಂಕಿಗಳಿಗೆ ಬರೋಣ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ. ಅದು ಶೇ. 19.5ಕ್ಕಿಂತ ಕಡಿಮೆಯಾದರೆ ಆ ಜಾಗ ಕೆಲಸಕ್ಕೆ ಯೋಗ್ಯವಲ್ಲ ಎನ್ನುತ್ತವೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು. ಮೇಣದಬತ್ತಿ ಆರುವುದು ಯಾವಾಗ? ಸುಮಾರು ಶೇ. 16ರ ಆಸುಪಾಸಿಗೆ ಇಳಿದಾಗ. ಅಷ್ಟರಲ್ಲಿ ಮನುಷ್ಯನ ನಾಡಿ ಜೋರಾಗಿ, ಕೈಕಾಲಿನ ಹಿಡಿತ ತಪ್ಪಿ, ಯೋಚನೆ ಮಂಕಾಗಲು ಶುರುವಾಗಿರುತ್ತದೆ. ಅಂದರೆ ದೀಪ ಚೆನ್ನಾಗಿ ಉರಿಯುತ್ತಿರುವಾಗಲೇ ನೀವು ಅಪಾಯದ ಗೆರೆ ದಾಟಿರಬಹುದು. ಶೇ. 10ಕ್ಕೆ ಬಂದರೆ ಪ್ರಜ್ಞೆ ತಪ್ಪುತ್ತದೆ, ಶೇ. 6ಕ್ಕಿಂತ ಕೆಳಗೆ ಕೆಲವೇ ನಿಮಿಷಗಳಲ್ಲಿ ಸಾವು.

ಇನ್ನೊಂದು ವಿಷಯ. ದೀಪ ಪರೀಕ್ಷಿಸಿದ್ದು ಕದಡದ ಸಂಪನ್ನು. ನೀವು ಇಳಿದು ಹೂಳು ಕೆದಕಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಅನಿಲ ಗುಳ್ಳೆಗಳಾಗಿ ಮೇಲೇಳುತ್ತದೆ. ಆಗ ದೀಪ ಮೇಲಿರುತ್ತದೆ, ನೀವು ಕೆಳಗಿರುತ್ತೀರಿ.

ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನ ಬಾಯಿಯ ಬಳಿಯೋ ಒಳಗೋ ಇಟ್ಟು ನೀರು ಖಾಲಿ ಮಾಡಿದರೆ ಅದರ ಹೊಗೆಯ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮೇಣದಬತ್ತಿ ಮಾತ್ರ ನಗುನಗುತ್ತಾ ಉರಿಯುತ್ತಿರುತ್ತದೆ. ಇನ್ನು ಪಕ್ಕದ ಸೆಪ್ಟಿಕ್ ಟ್ಯಾಂಕ್ ಅಥವಾ ಪಿಟ್ ಗುಂಡಿಗೆ ಇದೇ ಪ್ರಯೋಗ ಮಾಡಿದರಂತೂ ಕಥೆಯೇ ಬೇರೆ. ಅಲ್ಲಿ ಮೀಥೇನ್ ಇರುತ್ತದೆ. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟಿದ್ದಾಗ ಬೆಂಕಿ ಸೋಕಿದರೆ ಸ್ಫೋಟವಾಗುತ್ತದೆ. ಸಂಪಿನ ಒಳಗೋಡೆಗೆ ಥಿನ್ನರ್ ಬೆರೆಸಿದ ವಾಟರ್‌ಪ್ರೂಫಿಂಗ್ ಬಣ್ಣ ಹಚ್ಚಿದಾಗ ಏಳುವ ಆವಿಗೂ ಬೆಂಕಿ ಹತ್ತುತ್ತದೆ.

ಕುಡಿಯುವ ನೀರಿನ ಸಂಪಿನಲ್ಲಿ ವಿಷಗಾಳಿ ಎಲ್ಲಿಂದ ಬರಬೇಕು?

ಇದು ಬಹಳ ಜನ ಕೇಳುವ ಪ್ರಶ್ನೆ. ಸೆಪ್ಟಿಕ್ ಟ್ಯಾಂಕ್ ಎಂದರೆ ಎಲ್ಲರಿಗೂ ಭಯವಿದೆ. ಸಂಪು ಎಂದರೆ ನಮ್ಮ ಮನೆಯದೇ ನೀರು, ಅದರಲ್ಲೇನಿದೆ ಎಂಬ ಸಲಿಗೆ. ಆದರೆ ಸಂಪಿಗೆ ಹೊರಗಿನಿಂದ ವಿಷ ಬರಲೇಬೇಕೆಂದಿಲ್ಲ. ಒಳಗಿದ್ದ ಆಮ್ಲಜನಕ ಖರ್ಚಾದರೂ ಸಾಕು.

ತಳದ ಹೂಳಿನಲ್ಲಿ, ಗೋಡೆಗೆ ಅಂಟಿದ ಲೋಳೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಅವೂ ನಮ್ಮಂತೆಯೇ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕಬ್ಬಿಣದ ಏಣಿ, ಪೈಪು, ಹೊರಬಂದ ಸರಳು ತುಕ್ಕು ಹಿಡಿಯುವುದೂ ಆಮ್ಲಜನಕವನ್ನು ಎಳೆದುಕೊಂಡೇ. ಮೇಲೆ ಎರಡಡಿ ಚೌಕದ ಮುಚ್ಚಳ, ಅದೂ ಬಿಗಿಯಾಗಿ ಮುಚ್ಚಿದ್ದು. ತಿಂಗಳುಗಟ್ಟಲೆ ತೆರೆಯದ, ನೀರು ಕಡಿಮೆ ಇರುವ ಸಂಪಿನೊಳಗಿನ ಗಾಳಿ ಹಳಸಿಹೋಗುತ್ತದೆ.

ಇದಕ್ಕಿಂತ ಅಪಾಯಕಾರಿ ಎಂದರೆ ಹೊಚ್ಚ ಹೊಸ ಸಂಪು. ಒಂದು ಹನಿ ಕೊಳಕೂ ಬೀಳದ ಜಾಗ ಹೇಗೆ ಕೊಲ್ಲುತ್ತದೆ ಎಂದು ಆಶ್ಚರ್ಯವಾಗಬಹುದು. ಮೇಲಿನ ಸ್ಲ್ಯಾಬ್ ಹಾಕಲು ಒಳಗೆ ಹಲಗೆ, ಕಂಬ ಕೊಟ್ಟು ಸೆಂಟ್ರಿಂಗ್ ಮಾಡಿರುತ್ತಾರೆ. ಕಾಂಕ್ರೀಟ್ ಗಟ್ಟಿಯಾಗಲಿ ಎಂದು ಎರಡು ಮೂರು ವಾರ ಬಿಡುತ್ತಾರೆ. ಕ್ಯೂರಿಂಗ್ ನೀರೋ ಮಳೆನೀರೋ ತಳದಲ್ಲಿ ನಿಲ್ಲುತ್ತದೆ. ಒದ್ದೆ ಮರ, ಕತ್ತಲೆ, ಬೆಚ್ಚಗಿನ ಮುಚ್ಚಿದ ಜಾಗ: ಬೂಷ್ಟಿಗೂ ಬ್ಯಾಕ್ಟೀರಿಯಾಗೂ ಇದಕ್ಕಿಂತ ಇನ್ನೇನು ಬೇಕು? ಮರದ ದಿಮ್ಮಿ ತುಂಬಿದ ಹಡಗಿನ ಉಗ್ರಾಣದಲ್ಲಿ ಆಮ್ಲಜನಕ ಇರುವುದಿಲ್ಲ, ಪರೀಕ್ಷಿಸದೆ ಇಳಿಯಬೇಡಿ ಎಂದು ಅಂತರರಾಷ್ಟ್ರೀಯ ಹಡಗು ಸುರಕ್ಷತಾ ನಿಯಮಗಳೇ ಎಚ್ಚರಿಸುತ್ತವೆ. ನಮ್ಮ ಸಂಪಿನಲ್ಲಿ ಆಗುವುದೂ ಅದೇ. ಸೆಂಟ್ರಿಂಗ್ ಬಿಚ್ಚಲು ಇಳಿದ ಗಾರೆ ಕೆಲಸದವರು ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿ ದೇಶದ ಬೇರೆ ಬೇರೆ ಕಡೆಯಿಂದ ಪದೇ ಪದೇ ಬರುತ್ತದೆ. ಪತ್ರಿಕೆಯಲ್ಲಿ "ವಿಷಾನಿಲ ಸೇವಿಸಿ" ಎಂದು ಬರೆದಿರುತ್ತಾರೆ. ಎಷ್ಟೋ ಸಲ ಅಲ್ಲಿ ವಿಷಕ್ಕಿಂತ ಆಮ್ಲಜನಕದ ಕೊರತೆಯೇ ಕಾರಣವಾಗಿರುತ್ತದೆ.

ಉಸಿರು ಕಟ್ಟಿದರೆ ಮೇಲೆ ಬಂದರಾಯಿತು ಅಲ್ಲವೇ?

ಅದಕ್ಕೆ ಸಮಯ ಸಿಗುವುದಿಲ್ಲ. ಉಸಿರು ಬಿಗಿಹಿಡಿದಾಗ ಆಗುವ ಸಂಕಟ ನಮಗೆಲ್ಲ ಗೊತ್ತು. ಆ ಸಂಕಟ ಮುಖ್ಯವಾಗಿ ಆಮ್ಲಜನಕ ಕಡಿಮೆಯಾಗಿದ್ದರಿಂದ ಬರುವುದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರಿಂದ ಬರುವುದು. ಆಮ್ಲಜನಕವಷ್ಟೇ ಇಲ್ಲದ ಗಾಳಿಯಲ್ಲಿ ನೀವು ಆರಾಮವಾಗಿ ಉಸಿರು ಬಿಡುತ್ತಲೇ ಇರುತ್ತೀರಿ, ಡೈಆಕ್ಸೈಡ್ ಹೊರಹೋಗುತ್ತಲೇ ಇರುತ್ತದೆ. ದೇಹ ಗಂಟೆ ಬಾರಿಸುವುದೇ ಇಲ್ಲ. ಆಮ್ಲಜನಕ ತೀರಾ ಕಡಿಮೆ ಇದ್ದರೆ ರಕ್ತದಲ್ಲಿದ್ದ ಆಮ್ಲಜನಕವೇ ಶ್ವಾಸಕೋಶದ ಮೂಲಕ ವಾಪಸ್ ಹೊರಹೋಗುತ್ತದೆ. ಒಂದೆರಡು ಉಸಿರಿಗೇ ಮನುಷ್ಯ ಕುಸಿಯಬಹುದು. ಅದಕ್ಕೇ ಇಂಥ ಕಡೆ ಬಿದ್ದವರು ಕೂಗುವುದೂ ಇಲ್ಲ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಎದ್ದು ಬರುತ್ತೇವೆ ಎನ್ನುವವರಿಗೂ ಒಂದು ಮಾತು. ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಅದರ ಪ್ರಮಾಣ ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗದಷ್ಟಾದರೆ ಕೆಲ ನಿಮಿಷಗಳಲ್ಲಿ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು ಎಂದರೆ ಅನಿಲ ಹೋಯಿತು ಎಂದಲ್ಲ.

ಒದ್ದೆ ಬಟ್ಟೆ, ಎನ್‌95 ಮಾಸ್ಕ್ ಇತ್ಯಾದಿ? ಅವು ಧೂಳು ಸೋಸುತ್ತವೆ, ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ. ಬಾಯಿಯ ಮೇಲೆ ಟೇಬಲ್ ಫ್ಯಾನ್ ಇಟ್ಟರೆ ಮೇಲಿನ ಗಾಳಿ ಮೇಲೇ ಸುತ್ತುತ್ತದೆ. ಆಮ್ಲಜನಕದ ಸಿಲಿಂಡರ್ ಬಿಡುವುದಂತೂ ಬೇಡವೇ ಬೇಡ, ಸಣ್ಣ ಕಿಡಿಯೂ ದೊಡ್ಡ ಬೆಂಕಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಸುರಿದು ಪಾಚಿ ತೆಗೆಯುವವರಿದ್ದಾರೆ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೇರ ತಳಕ್ಕೇ ಇಳಿಯುತ್ತದೆ.

ಎರಡನೆಯ ಸಾವು

ಅಪ್ಪ ಇಳಿದರು, ಮಾತಿಲ್ಲ. ಮಗ ನೋಡಲು ಇಳಿದ. ಆಮೇಲೆ ಪಕ್ಕದ ಮನೆಯವರು. ಇಂಥ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಎರಡು, ಮೂರು ಎಂದಿರುವುದು ಇದಕ್ಕೇ. ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಕೆಳಗೆ ಬಿದ್ದವರು ನಮ್ಮವರೇ ಆಗಿರುವಾಗ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂಬುದು ನಮಗೂ ಗೊತ್ತು. ಆದರೂ ಇಳಿಯಬೇಡಿ. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ, ಸಂಪಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ. ಅವರು ಉಸಿರಾಟದ ಉಪಕರಣ ತರಬೇಕು ಎಂಬುದು ಅದರಿಂದಲೇ ಗೊತ್ತಾಗುವುದು. 108 ಆಂಬುಲೆನ್ಸ್ ಕೂಡ ಕರೆಯಿರಿ. ಅಷ್ಟರಲ್ಲಿ ಮೋಟರ್‌ನ ಮೇನ್ ಸ್ವಿಚ್ ಆಫ್ ಮಾಡಿ, ಏಕೆಂದರೆ ಬಿದ್ದದ್ದು ಕರೆಂಟ್ ಹೊಡೆದೂ ಇರಬಹುದು. ಏರ್ ಬ್ಲೋವರ್ ಇದ್ದರೆ ಅದರ ಪೈಪನ್ನು ಬಿದ್ದವರ ಹತ್ತಿರದವರೆಗೆ ಇಳಿಸಿ ಹೊರಗಿನ ಗಾಳಿ ಊದಿ. ಆದರೆ ಅದು ಸೆಪ್ಟಿಕ್ ಟ್ಯಾಂಕೋ ಥಿನ್ನರ್ ಬಳಸಿದ ಸಂಪೋ ಆಗಿದ್ದರೆ ಕಿಡಿ ಹಾರಬಹುದಾದ ಯಾವ ಯಂತ್ರವನ್ನೂ ಬಾಯಿಯ ಹತ್ತಿರ ತರಬೇಡಿ.

ಹಾಗಾದರೆ ಸಂಪು ತೊಳೆಯುವುದು ಹೇಗೆ?

ಇಳಿಯದೆ ತೊಳೆಯುವುದೇ ಉತ್ತಮ. ಪ್ರೆಷರ್ ಜೆಟ್ ಪೈಪು, ಹೂಳು ಎಳೆಯುವ ಪಂಪು, ಉದ್ದ ಕೋಲಿನ ಬ್ರಷ್ ಇಟ್ಟುಕೊಂಡು ಮೇಲಿನಿಂದಲೇ ಕೆಲಸ ಮಾಡಿಕೊಡುವವರು ಈಗ ಊರುಗಳಲ್ಲೂ ಸಿಗುತ್ತಾರೆ. ಇಳಿಯಲೇಬೇಕಾದರೆ ಆ ಕೆಲಸ ಗೊತ್ತಿದ್ದವರು, ಅನಿಲ ಅಳೆಯುವ ಮೀಟರ್ ಇದ್ದವರು ಇಳಿಯಲಿ. ಆಮ್ಲಜನಕ, ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಬೆಂಕಿ ಹತ್ತುವ ಅನಿಲ ಈ ನಾಲ್ಕನ್ನೂ ಅದು ತೋರಿಸಬೇಕು. ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಬ್ಲೋವರ್ ಪೈಪು ತಳ ಮುಟ್ಟಬೇಕು, ಕೆಲಸ ಮುಗಿಯುವವರೆಗೂ ಓಡುತ್ತಿರಬೇಕು. ಸೊಂಟಕ್ಕೆ ಹಗ್ಗ ಸಾಲದು. ಪ್ರಜ್ಞೆ ತಪ್ಪಿದ ದೊಡ್ಡ ಮನುಷ್ಯನನ್ನು ಎರಡಡಿಯ ಕಿಂಡಿಯಲ್ಲಿ ಹಾಗೆ ಎಳೆಯಲು ಪ್ರಯತ್ನಿಸಿದವರಿಗೆ ಗೊತ್ತು. ಎದೆ, ತೊಡೆ ಹಿಡಿಯುವ ಹಾರ್ನೆಸ್ ಮತ್ತು ಮೇಲೆ ಎತ್ತುವ ಮೂರು ಕಾಲಿನ ಸ್ಟ್ಯಾಂಡ್ ಬೇಕು. ಬೆಳಕಿಗೆ ವೈರ್ ಎಳೆದ ಬಲ್ಬ್ ಬೇಡ, ಬ್ಯಾಟರಿ ಟಾರ್ಚ್ ಸಾಕು.

ಸೆಪ್ಟಿಕ್ ಟ್ಯಾಂಕ್ ವಿಷಯದಲ್ಲಿ ಯೋಚನೆಗೇ ಜಾಗವಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಒಳಗಿಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮನೆ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಅಲ್ಲಿಗೆ ಸಕ್ಕಿಂಗ್ ಯಂತ್ರದ ಗಾಡಿಯನ್ನೇ ಕರೆಸಿ.

ಹೊಸ ಮನೆ ಕಟ್ಟುತ್ತಿದ್ದರೆ ಮೇಸ್ತ್ರಿಯ ಜೊತೆ ಈಗಲೇ ಮಾತಾಡಿ. ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿಸಿ ಅಲ್ಲೊಂದು ಬಕೆಟ್‌ನಷ್ಟು ಗುಂಡಿ ಬಿಡಿಸಿ. ಹೂಳು ಅಲ್ಲಿ ಸೇರುತ್ತದೆ, ಮೇಲಿನಿಂದಲೇ ಪೈಪು ಹಾಕಿ ಎಳೆಯಬಹುದು. ಎದುರುಬದುರಾಗಿ ಎರಡು ಮುಚ್ಚಳ ಇದ್ದರೆ ಗಾಳಿ ಹಾದುಹೋಗುತ್ತದೆ. ಅವುಗಳ ಅಂಚು ನೆಲಕ್ಕಿಂತ ಎತ್ತರವಿರಲಿ, ಮಳೆನೀರು ಮಣ್ಣು ತರುವುದಿಲ್ಲ. ನೀರು ಬೀಳುವ ಪೈಪಿಗೆ ಸೋಸುವ ಚೀಲ ಕಟ್ಟಿದರೆ ತೊಳೆಯುವ ಕೆಲಸವೇ ಕಡಿಮೆಯಾಗುತ್ತದೆ. ಒಳಗೆ ಸೆಂಟ್ರಿಂಗ್ ಕೊಡದೆ, ಮೊದಲೇ ಎರಕ ಹೊಯ್ದ ಚಪ್ಪಡಿಗಳನ್ನು ಮೇಲಿಂದ ಕೂರಿಸಬಹುದೇ ಎಂದು ಎಂಜಿನಿಯರ್‌ರನ್ನು ಕೇಳಿ. ಸೆಂಟ್ರಿಂಗ್ ಕೊಟ್ಟೇ ಮಾಡಿದ್ದರೆ, ಬಿಚ್ಚುವ ದಿನ ಬೆಳಿಗ್ಗೆಯೇ ಎಲ್ಲ ಮುಚ್ಚಳ ತೆಗೆಸಿ, ಬ್ಲೋವರ್ ಮತ್ತು ಮೀಟರ್ ಬರುವವರೆಗೆ ಯಾರನ್ನೂ ಇಳಿಯಲು ಬಿಡಬೇಡಿ.